ಬೇಡಿದ್ದನ್ನು ಬರೆದಿಡಿ, ಬಂದದ್ದನ್ನು ನೋಡಿ
ಓದುಗರ ಪ್ರಶ್ನೆ, ನಮ್ಮ ಉತ್ತರ

ದಿನನಿತ್ಯದ ಬದುಕಿನಲ್ಲಿ ದೇವರ ಇರವನ್ನು ಗುರುತಿಸುವುದು ಹೇಗೆಂದು ಕೇಳಿ ಕೊಡಗಿನ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ.

ದಿನಾ ಸಂಜೆ ನೆಲ್ಲಕ್ಕಿ ನಡುಬಾಡೆಯಲ್ಲಿ (ಮನೆಯ ನಡುಮನೆಯಲ್ಲಿ) ದೀಪ ಹಚ್ಚಿ ಕೈಮುಗಿಯುತ್ತೇನೆ. ಆದರೂ ‘ದೇವರು ಕೇಳಿದ’ ಅಂತ ಒಮ್ಮೆಯೂ ಅನ್ನಿಸಿಲ್ಲ. ನನ್ನ ಪ್ರಾರ್ಥನೆಯಲ್ಲೇ ಏನಾದರೂ ತಪ್ಪಿದೆಯೇ?
— ಕಾಫಿ ಬೆಳೆಗಾರರು, ನಾಪೋಕ್ಲು

ಹೋದ ಮಂಗಳವಾರ ದೀಪದ ಮುಂದೆ ಏನು ಬೇಡಿಕೊಂಡಿರಿ, ನೆನಪಿದೆಯೇ? ಇಲ್ಲದಿದ್ದರೆ ತೊಡಕು ಇರುವುದು ಅಲ್ಲೇ. ಬೇಡಿದ್ದೇ ಮರೆತಮೇಲೆ, ಬಂದದ್ದು ಬೇಡಿದ್ದಕ್ಕೆ ಬಂತೆಂದು ಗೊತ್ತಾಗುವುದಾದರೂ ಹೇಗೆ?

ನಿಮ್ಮ ತೋಟದಲ್ಲಿ ಮಳೆ ಪುಸ್ತಕ ಇದ್ದೇ ಇರುತ್ತದೆ. ಬೆಳಗ್ಗೆ ಮಾಪಕ ನೋಡಿ ಇಷ್ಟು ಇಂಚು, ಇಷ್ಟು ಸೆಂಟ್ (ಇಂಚಿನ ನೂರನೇ ಭಾಗ) ಎಂದು ಬರೆಯುತ್ತೀರಿ. ಮಳೆಯ ಲೆಕ್ಕವನ್ನು ಯಾರೂ ನೆನಪಿಗೆ ಬಿಡುವುದಿಲ್ಲ. ಪ್ರಾರ್ಥನೆಯನ್ನೂ ಬಿಡಬೇಡಿ. ಅದೇ ಪುಸ್ತಕದ ಎಡಪುಟದಲ್ಲಿ ಮೂರು ಕಲಂ ಎಳೆಯಿರಿ: ದಿನ, ಬೇಡಿದ್ದು, ಕಂಡದ್ದು. ದೀಪ ಹಚ್ಚಿ, ಕುಲದ ಮೂಲಪುರುಷ ಗುರುಕಾರೋಣನನ್ನೂ ಮಳೆಯ ದೇವರು ಇಗ್ಗುತಪ್ಪನನ್ನೂ ಕಾವೇರಮ್ಮನನ್ನೂ ನೆನೆದು, ಏಳುವ ಮೊದಲು ಬೇಡಿಕೆಗೆ ಒಂದೇ ಸಾಲಿನಂತೆ ಬರೆಯಿರಿ. ಒಂದು ದಿನಕ್ಕೆ ಮೂರು ಬೇಡಿಕೆ ಮೀರಬಾರದು.

ಆ ಸಾಲು ಗುರುತು ಹಿಡಿಯುವಂತಿರಬೇಕು. ‘ಎಲ್ಲರಿಗೂ ಒಳ್ಳೆಯದಾಗಲಿ’ ಎಂಬುದು ಬಹಳ ಒಳ್ಳೆಯ ಪ್ರಾರ್ಥನೆ, ದಿನವೂ ಹೇಳಿ. ಆದರೆ ಅದು ಈಡೇರಿದ್ದನ್ನು ಒಂದು ಬುಧವಾರ ಮಧ್ಯಾಹ್ನ ಕಣ್ಣಾರೆ ಕಾಣಲು ಬರುವುದಿಲ್ಲ. ‘ನಾಳೆ ಆಸ್ಪತ್ರೆಯಲ್ಲಿ ಅಮ್ಮ ಹೆದರದಿರಲಿ’ ಎಂಬುದನ್ನು ಕಾಣಬಹುದು. ಮರುದಿನ ಸಂಜೆ ದೀಪ ಹಚ್ಚುವ ಮೊದಲು ಹಿಂದಿನ ಸಾಲು ಓದಿ, ಮೂರನೆಯ ಕಲಮಿನಲ್ಲಿ ಬಂತು, ಬೇರೆ ರೂಪದಲ್ಲಿ ಬಂತು, ಇನ್ನೂ ಇಲ್ಲ, ಇವುಗಳಲ್ಲಿ ಒಂದನ್ನು ಬರೆಯಿರಿ. ಕಾಫಿ ಕೊಯ್ಲಿಗೆ ಆಳು ಸಿಗಲಿ ಎಂದು ಬೇಡಿದಿರಿ. ಆಳು ಸಿಗಲಿಲ್ಲ, ಆದರೆ ಪಕ್ಕದ ತೋಟದವರು ‘ಮುಯ್ಯಿಗೆ ಬರುತ್ತೇವೆ, ನಮ್ಮ ಕೆಲಸಕ್ಕೆ ನೀವು ಬನ್ನಿ’ ಎಂದರು. ಬರೆದಿಡದವರಿಗೆ ಇದು ಬರಿಯ ಸೋಮವಾರ.

ಈ ಕ್ರಮ ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಕೆಲಸ ಆದಮೇಲೆ ‘ಇದನ್ನೇ ಬೇಡಿದ್ದೆ’ ಎಂದು ಹಿಂದಿನ ತಾರೀಕಿಗೆ ಬರೆಯುವುದು ಒಂದು. ‘ಇನ್ನೂ ಇಲ್ಲ’ ಎಂಬ ಸಾಲುಗಳನ್ನು ನಾಚಿಕೆಯಿಂದ ಬಿಟ್ಟುಬಿಡುವುದು ಇನ್ನೊಂದು. ಎರಡರಿಂದಲೂ ಪುಸ್ತಕ ಸುಳ್ಳಾಗುತ್ತದೆ, ಸುಳ್ಳು ಪುಸ್ತಕದಿಂದ ಮನಸ್ಸಿಗೆ ಧೈರ್ಯ ಸಿಗದು. ಕೆಲವು ವಾರಗಳ ನಂತರ ಬೇಸರ ಬರಬಹುದು. ಬರಲಿ, ಸಾಲು ಚಿಕ್ಕದಾಗಲಿ, ನಿಲ್ಲದಿದ್ದರೆ ಸಾಕು.

ಕೊನೆಯ ಹಾಳೆಗಳನ್ನು ‘ಬೇಡದೆ ಬಂದದ್ದು’ ಎಂದು ಪ್ರತ್ಯೇಕ ಇಡಿ. ಗದ್ದೆಯ ಮೇಲೆ ಮಂಜು ಸರಿದ ಹೊತ್ತು, ವರ್ಷದಿಂದ ಮಾತು ಬಿಟ್ಟಿದ್ದ ತಮ್ಮ ದಾರಿಯಲ್ಲಿ ನಿಂತು ಕ್ಷೇಮ ಕೇಳಿದ್ದು. ಆ ಹಾಳೆಗಳೇ ಬೇಗ ತುಂಬುತ್ತವೆ.

ಮಳೆಗಾಲದಲ್ಲಿ ನಮ್ಮ ತೂಕ್ ಬೊಳ್ಚ (ತೂಗುದೀಪ) ಮತ್ತೆ ಮತ್ತೆ ಆರುತ್ತದೆ. ಡಿಸೆಂಬರಿನಲ್ಲೂ ಹಾಗೇ. ದೇವರು ಮುನಿದಿದ್ದಾನೆಯೇ ಎಂದು ಭಯ.
— ಗೃಹಿಣಿ, ಮಡಿಕೇರಿ

ಭಯ ಬೇಡ. ಮೊದಲು ಎಣ್ಣೆ ನೋಡಿ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಡಿಕೇರಿಯಲ್ಲಿ ಆಷಾಢದಿಂದ ಪುಷ್ಯದವರೆಗೆ ಬಹುಪಾಲು ಹೊತ್ತು ತಾಪಮಾನ ಅದಕ್ಕಿಂತ ಕೆಳಗೇ ಇರುತ್ತದೆ. ಬತ್ತಿಯ ತುದಿಯಲ್ಲಿರುವ ಎಣ್ಣೆ ಉರಿದು ಮುಗಿಯುತ್ತದೆ, ಹೆಪ್ಪಾದ ಎಣ್ಣೆ ಮೇಲೇರುವುದಿಲ್ಲ, ದೀಪ ಆರುತ್ತದೆ. ಈ ತಿಂಗಳುಗಳಲ್ಲಿ ಎಳ್ಳೆಣ್ಣೆ ಬಳಸಿ, ಅದು ಹೆಪ್ಪುಗಟ್ಟುವುದಿಲ್ಲ.

ಆಮೇಲೆ ಬತ್ತಿ. ಮಳೆಗಾಲದಲ್ಲಿ ಹತ್ತಿ ತೇವ ಹೀರುತ್ತದೆ, ಹಚ್ಚಿದರೆ ಚಟಪಟ ಎನ್ನುತ್ತದೆ. ಬತ್ತಿ, ಬೆಂಕಿಪೊಟ್ಟಣ ಎರಡನ್ನೂ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಒಲೆಯ ಪಕ್ಕದ ಗೂಡಿನಲ್ಲಿಡಿ. ಎರಡು ಎಳೆ ಸೇರಿಸಿ ಬಿಗಿಯಾಗಿ ಹೊಸೆದ ಬತ್ತಿಯನ್ನು ಐದು ನಿಮಿಷ ಎಣ್ಣೆಯಲ್ಲಿ ನೆನೆಸಿ, ಕಾಲು ಇಂಚಷ್ಟೇ ಹೊರಗೆ ಬಿಡಿ. ಉದ್ದ ಬಿಟ್ಟರೆ ಹೊಗೆ, ಮಸಿ. ತೂಗುದೀಪ ಬಾಗಿಲಿನ ನೇರಕ್ಕಿದ್ದರೆ ಗಾಳಿಗೂ ಆರುತ್ತದೆ, ಹಚ್ಚುವಾಗ ಒಂದು ಬಾಗಿಲು ಮುಚ್ಚಿಕೊಳ್ಳಿ.

ಇದನ್ನು ವಿವರವಾಗಿ ಹೇಳಲು ಕಾರಣವಿದೆ. ಹೆಪ್ಪಾದ ಎಣ್ಣೆಯಲ್ಲಿ ದೇವರ ಸಿಟ್ಟನ್ನು ಓದುವ ಮನಸ್ಸು ಅಂಜಿಕೆಯಲ್ಲೇ ಮುಳುಗಿರುತ್ತದೆ, ಎದುರಿಗಿರುವ ಕರುಣೆ ಅದಕ್ಕೆ ಕಾಣಿಸುವುದಿಲ್ಲ. ದೀಪ ಆರಿದರೆ ಮತ್ತೆ ಹಚ್ಚಿ. ಎರಡನೆಯ ಸಲ ಹಚ್ಚುವ ಆ ಒಂದು ನಿಮಿಷವೂ ಪ್ರಾರ್ಥನೆಯೇ.

ಕಾಫಿ ಹೂ ಅರಳಿಸುವ ಹೂಮಳೆಗೆ ಬೇಡಿಕೊಂಡೆವು, ನಮ್ಮ ತೋಟಕ್ಕೆ ಚೆನ್ನಾಗಿ ಬಂತು. ರಸ್ತೆಯಾಚೆಯವರಿಗೆ ಹನಿಯೂ ಇಲ್ಲ. ಇದು ನಮ್ಮ ಪ್ರಾರ್ಥನೆಯ ಫಲ ಎನ್ನಬಹುದೇ?
— ಸಿದ್ದಾಪುರ

ಕೃತಜ್ಞತೆ ಹೇಳಿ, ಹೋಲಿಕೆ ಬಿಡಿ. ಫೆಬ್ರುವರಿ–ಮಾರ್ಚಿನ ಗುಡುಗು ಮೋಡ ತುಂಡುತುಂಡಾಗಿ ಸುರಿಯುವಂಥದ್ದು, ಒಂದು ಇಳಿಜಾರು ನೆನೆದರೆ ಎದುರಿನದು ಒಣಗಿಯೇ ಇರುತ್ತದೆ. ಅವರೂ ನಿಮ್ಮಷ್ಟೇ ಆಸೆಯಿಂದ ಕೈಮುಗಿದಿರುತ್ತಾರೆ.

ಕಾಫಿಗೆ ಒಂದೇ ಮಳೆ ಸಾಲದೆಂಬುದು ನಿಮಗೆ ಗೊತ್ತು. ಇಂಚಿನಷ್ಟು ಬಿದ್ದು ಎಂಟು–ಹತ್ತು ದಿನಕ್ಕೆ ಹೂ ಅರಳಬೇಕು. ರೊಬಸ್ಟಾಗೆ ಪರಾಗ ಬೇರೆ ಗಿಡದಿಂದ ಬರಬೇಕಾದ್ದರಿಂದ ಆ ದಿನಗಳಲ್ಲಿ ಬಿಸಿಲು, ಗಾಳಿ, ಜೇನು ಬೇಕು. ಎರಡು–ಮೂರು ವಾರಕ್ಕೆ ಕಾಯಿ ಕಚ್ಚುವ ಮಳೆ ಬೇಕು. ಮೊದಲ ಮಳೆಗೆ ತೆಂಗಿನಕಾಯಿ ಒಡೆಯುತ್ತೇವೆ. ಹೂವಿನ ದಿನ ಸುಮ್ಮನೆ ಬಂದ ಬಿಸಿಲನ್ನು ಯಾರೂ ನೆನೆಯುವುದಿಲ್ಲ. ಅದನ್ನೂ ಬರೆದಿಡಿ. ನಿಮಗೆ ನೀರು ಹಾಯಿಸುವ ಖರ್ಚು ಉಳಿಯಿತಲ್ಲ, ಕೆರೆಯ ಸರದಿಯನ್ನೋ ಪಂಪನ್ನೋ ನಾಲ್ಕು ದಿನ ಆಚೆಯವರಿಗೆ ಕೊಡಿ. ಅವರ ಪುಸ್ತಕದಲ್ಲಿ ‘ಬೇರೆ ರೂಪದಲ್ಲಿ ಬಂತು’ ಎಂಬ ಸಾಲಿಗೆ ನೀವೇ ಕಾರಣರಾಗುತ್ತೀರಿ.

ಇಗ್ಗುತಪ್ಪನಲ್ಲಿ ಮಳೆ ಬೇಡುವವರು ನಾವು. 2018ರ ಆಗಸ್ಟ್‌ನಲ್ಲಿ ಅದೇ ಮಳೆ ಗುಡ್ಡವನ್ನೇ ಮನೆಗಳ ಮೇಲೆ ತಂದಿತು. ಅಂದು ದೇವರು ಎಲ್ಲಿದ್ದ?
— ಮಕ್ಕಂದೂರು ಸಮೀಪದಿಂದ

ಈ ಪ್ರಶ್ನೆಯನ್ನು ಸಮಾಧಾನದ ಮಾತಿನಿಂದ ಮುಚ್ಚಲು ನಾವು ಸಿದ್ಧರಿಲ್ಲ. ‘ಎಲ್ಲವೂ ಒಳ್ಳೆಯದಕ್ಕೇ’ ಎಂದು ಮನೆ ಕಳೆದುಕೊಂಡವರಿಗೆ ಹೇಳಬೇಡಿ. ಅದು ಪ್ರಾರ್ಥನೆಯಲ್ಲ, ಗಾಯದ ಮೇಲೆ ಉಪ್ಪು. ಇದೇ ಪ್ರಶ್ನೆಯನ್ನು ದೀಪದ ಮುಂದೆ ಗಟ್ಟಿಯಾಗಿ ಕೇಳಿ. ಜಗಳವೂ ದೇವರೊಡನೆ ಆಡುವ ಮಾತೇ. ಆ ವರ್ಷದ ಸಾಲಿನೆದುರು ‘ಇನ್ನೂ ಇಲ್ಲ’ ಎಂದೇ ಇರಲಿ. ಪರಿಹಾರ ಕೇಂದ್ರದಲ್ಲಿ ಅನ್ನ ಬಡಿಸಿದ ಕೈ, ಹಗ್ಗ ಹಿಡಿದು ಹೊಳೆ ದಾಟಿಸಿದ ಹೆಗಲು ನೆನಪಿಗೆ ಬಂದ ದಿನ ಅವನ್ನು ಬೇರೆ ಹಾಳೆಯಲ್ಲಿ ಬರೆಯಿರಿ. ಅವು ಪ್ರಶ್ನೆಗೆ ಉತ್ತರವಲ್ಲ, ಆದರೂ ಮರೆಯುವಂಥವಲ್ಲ.

ನಾವು ಕ್ರೈಸ್ತರು. ರಾತ್ರಿ ಮಲಗುವ ಮುನ್ನ ಮಾಡಬಹುದಾದ ಚಿಕ್ಕ ಕ್ರಮ ಇದೆಯೇ?
— ವಿರಾಜಪೇಟೆ

16ನೇ ಶತಮಾನದ ಸಂತ ಇಗ್ನೇಷಿಯಸ್ ಲೊಯೋಲಾ ಕಲಿಸಿದ ಆತ್ಮಪರಿಶೀಲನೆ ಇದೆ, ಐದು ಹೆಜ್ಜೆಯದು. ದಿನಕ್ಕಾಗಿ ವಂದಿಸಿ, ಕಾಣುವ ಬೆಳಕು ಬೇಡಿ, ಬೆಳಗಿನಿಂದ ಗಂಟೆಗಂಟೆಯಾಗಿ ದಿನವನ್ನು ನೋಡಿ, ತಪ್ಪಿದ್ದಕ್ಕೆ ಕ್ಷಮೆ ಕೇಳಿ, ನಾಳೆಗೆ ಒಂದು ನಿರ್ಧಾರ ಮಾಡಿ. ಹತ್ತು ಹದಿನೈದು ನಿಮಿಷ ಸಾಕು. ಹಾಸಿಗೆಯಲ್ಲಿ ಮಲಗಿ ಮಾಡಿದರೆ ಎರಡನೆಯ ಹೆಜ್ಜೆಗೇ ನಿದ್ದೆ, ಕುರ್ಚಿಯಲ್ಲಿ ಕೂತು ಮಾಡಿ. ತಪ್ಪಿನ ಪಟ್ಟಿಯಲ್ಲೇ ಹೊತ್ತು ಕಳೆಯಬೇಡಿ, ಮೂರನೆಯ ಹೆಜ್ಜೆಗೆ ಅರ್ಧ ಸಮಯ ಕೊಡಿ.

ಕಾವೇರಿ ಉಕ್ಕಿ ಬರುವ ತೀರ್ಥೋದ್ಭವಕ್ಕೆ ತಲಕಾವೇರಿಗೆ ಹೋದರೆ ನೂಕುನುಗ್ಗಲಿನಲ್ಲಿ ಏನೂ ಕಾಣುವುದಿಲ್ಲ. ಮನೆಯಲ್ಲೇ ಇದ್ದರೆ ಆ ದರ್ಶನ ತಪ್ಪಿದಂತೆಯೇ?
— ಪೊನ್ನಂಪೇಟೆ

ತಪ್ಪುವುದಿಲ್ಲ. ಸೂರ್ಯ ತುಲಾ ರಾಶಿಗೆ ಬರುವ ಗಳಿಗೆ ಅಕ್ಟೋಬರ್ 17ರ ಆಸುಪಾಸು, ಗಂಟೆ ಮಾತ್ರ ಪ್ರತಿ ವರ್ಷ ಬೇರೆ. ಪಂಚಾಂಗ ನೋಡಿ ಆ ಹೊತ್ತಿಗೆ ಮನೆಯಲ್ಲಿ ದೀಪ ಹಚ್ಚಿ ಕೂರಿ. ಸಂಕ್ರಮಣದ ಕಣಿಪೂಜೆ ಇದ್ದೇ ಇದೆ: ಸೌತೆಕಾಯಿಗೋ ತೆಂಗಿನಕಾಯಿಗೋ ಕೆಂಪು ರೇಷ್ಮೆ ಉಡಿಸಿ, ಒಡವೆ ಇಟ್ಟು, ತಟ್ಟೆಯಲ್ಲಿ ಅಕ್ಕಿಯ ಮೇಲೆ ಕೂರಿಸಿ, ನಸುಕಿನಲ್ಲೇ ಮನೆಯವರೆಲ್ಲ ಅಕ್ಕಿ ಹಾಕಿ ನಮಸ್ಕರಿಸುವುದು. ಮನೆಯ ಹಿರಿಯ ಹೆಂಗಸು ಅಲಂಕರಿಸುವಾಗ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲಿ, ಕಾವೇರಮ್ಮ ಮನೆಗೆ ಬಂದಳೆಂಬುದು ಅವರಿಗೆ ತಿಳಿಯುವುದು ಆಗಲೇ.

ಯಾರಾದರೂ ತೀರ್ಥ ತಂದುಕೊಟ್ಟರೆ, ಬಿಸಿನೀರಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿದ ಪಾತ್ರೆಗೆ ಹಾಕಿ, ಬಿಗಿಯಾಗಿ ಮುಚ್ಚಿ ಬಿಸಿಲು ತಾಗದ ಕಡೆ ಇಡಿ. ಬೆಳಕು ಬಿದ್ದರೆ ಪಾಚಿ ಕಟ್ಟುತ್ತದೆ. ಪ್ರಾಣ ಹೋಗುವವರ ಬಾಯಿಗೆ ಹನಿ ಹಾಕಲು ಬೇಕಾಗುವ ನೀರು ಅದು. ಎಲ್ಲಿಟ್ಟಿದ್ದೀರೆಂದು ಮನೆಯಲ್ಲಿ ಇಬ್ಬರಿಗಾದರೂ ಗೊತ್ತಿರಲಿ.