ರಾತ್ರಿ ಎರಡು ಗಂಟೆಗೆ ಯಾರ ಕೆಲಸ?

ಪ್ರಿಯ ಸೋದರಿ,

ಕೋಲಾರದಿಂದ ನೀವು ಬರೆದ ನಾಲ್ಕು ಪುಟಗಳನ್ನು ಎರಡು ಸಲ ಓದಿದೆ. ಆರು ವರ್ಷದಿಂದ ಐಸಿಯು ಸ್ಟಾಫ್ ನರ್ಸ್ ಆಗಿದ್ದೀರಿ. ಒಂದು ರಾತ್ರಿ ಎರಡು ಗಂಟೆಗೆ ವೆಂಟಿಲೇಟರ್ ಮೇಲಿದ್ದ ರೋಗಿಯ ಸ್ಯಾಚುರೇಷನ್, ಅಂದರೆ ರಕ್ತದ ಆಕ್ಸಿಜನ್ ಮಟ್ಟ, ಇಳಿಯಿತು. ಡ್ಯೂಟಿ ಡಾಕ್ಟರ್ ಕೆಳಗೆ ಕ್ಯಾಶುವಾಲ್ಟಿಯಲ್ಲಿದ್ದರು. ನೀವು ಆಕ್ಸಿಜನ್ ಹೆಚ್ಚಿಸಿ, ಸಕ್ಷನ್ ಮಾಡಿ (ಟ್ಯೂಬಿನ ಕಫ ಹೀರಿ ತೆಗೆದು), ಆಮೇಲೆ ಫೋನ್ ಮಾಡಿದಿರಿ. ರೋಗಿ ಚೇತರಿಸಿಕೊಂಡರು. ಬೆಳಗಿನ ರೌಂಡ್ಸ್‌ನಲ್ಲಿ ಮಾತ್ರ "ಸೆಟ್ಟಿಂಗ್ ಮುಟ್ಟೋಕೆ ಯಾರು ಹೇಳಿದ್ದು?" ಎಂದು ಬೈಸಿಕೊಂಡಿರಿ. ಹಿಂದಿನ ತಿಂಗಳು ಇಂಥದ್ದೇ ಹೊತ್ತಿನಲ್ಲಿ ಇನ್ನೊಬ್ಬ ಡಾಕ್ಟರು "ಕಾಯ್ತಾ ಕೂತಿದ್ಯೇನಮ್ಮ?" ಎಂದು ರೇಗಿದ್ದರಂತೆ. "ನಾನೇ ಈ ಕೆಲಸಕ್ಕೆ ಲಾಯಕ್ಕಿಲ್ಲವೇನೋ" ಎಂದು ಕಾಗದ ಮುಗಿಸಿದ್ದೀರಿ.

ಆ ಕೊನೆಯ ಸಾಲನ್ನು ನಾನು ಒಪ್ಪುವುದಿಲ್ಲ. ಸ್ಯಾಚುರೇಷನ್ ಇಳಿದಾಗ ಉಸಿರಾಟದ ಟ್ಯೂಬ್ ಜಾರಿರಬಹುದು, ಕಫ ಕಟ್ಟಿರಬಹುದು, ಶ್ವಾಸಕೋಶದ ಸುತ್ತ ಗಾಳಿ ತುಂಬಿರಬಹುದು, ಯಂತ್ರವೇ ಕೈಕೊಟ್ಟಿರಬಹುದು. ಯಾವುದಾದರೂ ನಿಮಿಷಗಳ ಮಾತು. ಹಾಸಿಗೆ ಪಕ್ಕ ನಿಂತವರೇ ಮೊದಲು ಕೈಹಾಕಬೇಕು. ಹಾಗೆ ಮಾಡಬಹುದೆಂದು ನಿಮ್ಮ ಆಸ್ಪತ್ರೆ ಎಲ್ಲಿಯೂ ಬರೆದಿಟ್ಟಿಲ್ಲ. ಹಾಗಾಗಿ ಆ ದಿನದ ಡಾಕ್ಟರ ಸ್ವಭಾವವೇ ನಿಮಗೆ ಕಾನೂನಾಗಿದೆ.

ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಕಾನ್ ಮತ್ತು ಸಂಗಡಿಗರು 1964ರಲ್ಲೇ ನೌಕರರ ಒತ್ತಡವನ್ನು ಅಧ್ಯಯನ ಮಾಡಿ ಎರಡು ತೊಡಕುಗಳನ್ನು ಬಿಡಿಸಿ ತೋರಿಸಿದ್ದರು. ತನ್ನ ಕೆಲಸದ ಗಡಿ ಎಲ್ಲಿ ಎಂದೇ ತಿಳಿಯದಿರುವುದು ಪಾತ್ರದ ಅಸ್ಪಷ್ಟತೆ. ಗಡಿ ತಿಳಿದಿದ್ದೂ ಇಬ್ಬರು ಎರಡು ಕಡೆಗೆ ಎಳೆಯುವುದು ಪಾತ್ರ ಸಂಘರ್ಷ. ನಿಮ್ಮ ಕಾಗದದಲ್ಲಿ ಎರಡೂ ಕಲಸಿಹೋಗಿವೆ.

ಮೊದಲನೆಯದಕ್ಕೆ ಮದ್ದು ಒಂದು ಹಾಳೆ. ಸ್ಯಾಚುರೇಷನ್ ಎಷ್ಟಕ್ಕೆ ಇಳಿದರೆ ನರ್ಸ್ ಏನೇನು ಮಾಡಬಹುದು, ಎಷ್ಟು ನಿಮಿಷದೊಳಗೆ ಯಾರನ್ನು ಕರೆಯಬೇಕು ಎಂದು ಬರೆದು, ಐಸಿಯು ಮುಖ್ಯಸ್ಥರ ಸಹಿ ಹಾಕಿಸಿ ಗೋಡೆಗೆ ಅಂಟಿಸಬೇಕು. ಇದನ್ನು ಕೇಳಲು ಒಬ್ಬರೇ ಹೋಗಬೇಡಿ. ಇನ್‌ಚಾರ್ಜ್ ಸಿಸ್ಟರ್ ಮತ್ತು ನಾಲ್ಕು ಜನ ಸಹೋದ್ಯೋಗಿಗಳ ಜೊತೆ ಅರ್ಜಿ ಹಿಡಿದು ನರ್ಸಿಂಗ್ ಸೂಪರಿಂಟೆಂಡೆಂಟರ ಬಳಿ ಹೋಗಿ. ಅಲ್ಲಿಯವರೆಗೆ ಫೋನಿನಲ್ಲಿ ಬಂದ ಆರ್ಡರನ್ನು ಸಮಯ ಸಮೇತ ಬರೆದುಕೊಂಡು, ಓದಿ ಹೇಳಿ, ರೌಂಡ್ಸ್‌ನಲ್ಲಿ ಸಹಿ ಹಾಕಿಸಿಕೊಳ್ಳಿ.

ಎರಡನೆಯದು ಕಷ್ಟ. "ಸಿಸ್ಟರ್, ನಮ್ಮಪ್ಪ ಉಳೀತಾರಾ?" ಎಂದು ನೀವು ಬರೆದ ಆ ಮುಳಬಾಗಿಲಿನ ಹುಡುಗ ಕೇಳುತ್ತಾನೆ, ಏನೂ ಹೇಳಬೇಡಿ ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದಾರೆ. ನನ್ನ ತಾಯಿ ಐಸಿಯುನಲ್ಲಿದ್ದಾಗ ನಾನೂ ಬಾಗಿಲ ಬಳಿ ನಿಂತು ಹಾಗೆಯೇ ಕೇಳಿದವನು. ಡಾಕ್ಟರು ದಿನಕ್ಕೆ ಐದು ನಿಮಿಷ ಸಿಗುತ್ತಿದ್ದರು. ಅಲ್ಲಿದ್ದ ನರ್ಸ್ ಒಬ್ಬರು "ರಾತ್ರಿ ಸ್ವಲ್ಪ ನಿದ್ದೆ ಮಾಡಿದ್ರು ಸಾರ್, ಈಗ ಕೈ ಬೆಚ್ಚಗಿದೆ" ಎಂದರು. ಅಷ್ಟು ಕೇಳಿದ ಮೇಲೆ ನನಗೆ ಕೆಳಗಿಳಿದು ಒಂದು ಲೋಟ ಕಾಫಿ ಕುಡಿಯಲು ಸಾಧ್ಯವಾಯಿತು. ನೀವು ಕಣ್ಣಾರೆ ಕಂಡದ್ದು, ಕೈಯಾರೆ ಮಾಡಿದ್ದು ನಿಮ್ಮ ಮಾತು. ಮುಂದೇನಾಗುತ್ತದೆ ಎಂಬುದನ್ನು ಡಾಕ್ಟರೇ ಹೇಳಲಿ. ಹೇಳುವಾಗ ನೀವೂ ಪಕ್ಕದಲ್ಲಿರುವಂತೆ ಕೇಳಿಕೊಳ್ಳಿ.

ಡೆಪಾಸಿಟ್ ಕಟ್ಟಿ ಎಂದು ರೋಗಿಯ ಮನೆಯವರಿಗೆ ನಿಮ್ಮ ಬಾಯಲ್ಲಿ ಹೇಳಿಸುವುದು ಶುದ್ಧ ತಪ್ಪು. ಅದು ಬಿಲ್ಲಿಂಗ್‌ನವರ ಕೆಲಸ. ವೆಂಟಿಲೇಟರ್ ರೋಗಿಗೆ ಪಾಳಿಗೊಬ್ಬ ನರ್ಸ್ ಇರಬೇಕು. ನಿಮ್ಮೊಬ್ಬರ ಪಾಲಿಗೆ ಮೂವರು ರೋಗಿಗಳಿದ್ದಾರೆ. ಇದನ್ನು ಯಾವ ಹಾಳೆಯೂ ಸರಿಮಾಡದು, ಆಡಳಿತದವರು ಜನ ತೆಗೆದುಕೊಳ್ಳಬೇಕು. ಅರ್ಜಿಯಲ್ಲಿ ಇದನ್ನೂ ಬರೆಯಿರಿ.

ನಿಮ್ಮ ಹೆಸರು, ಆಸ್ಪತ್ರೆಯ ಹೆಸರು ಅಚ್ಚಾಗುವುದಿಲ್ಲ. ಅರ್ಜಿಯ ಕರಡು ಕಳಿಸಿದರೆ ನಾನೇ ತಿದ್ದಿಕೊಡುತ್ತೇನೆ.

– ಸಂಪಾದಕ