ಶಾಸಕರ ಭತ್ಯೆ ಅಂದರೆ ಜನರಿಗೆ ಯಾಕಿಷ್ಟು ಸಿಟ್ಟು? ಕಲಬುರಗಿಯಲ್ಲಿದ್ದುಕೊಂಡೇ ಲೆಕ್ಕ ಕೇಳಬಹುದಾ?

ಖಂಡಿತ ಕೇಳಬಹುದು. ಮೊದಲು ಸಿಟ್ಟಿನ ವಿಷಯ.

ಸಂವಿಧಾನದ 195ನೇ ವಿಧಿಯಂತೆ ಶಾಸಕರ ಸಂಬಳ, ಭತ್ಯೆಯನ್ನು ಶಾಸನಸಭೆಯೇ ಕಾನೂನು ಮಾಡಿ ನಿಗದಿ ಮಾಡುತ್ತದೆ. ಅಂದರೆ ತೆಗೆದುಕೊಳ್ಳುವವರೇ ಎಷ್ಟು ಅಂತ ತೀರ್ಮಾನಿಸುತ್ತಾರೆ. 2025ರ ಮಾರ್ಚ್‌ನಲ್ಲಿ ಶಾಸಕರ ತಿಂಗಳ ಸಂಬಳವನ್ನು 40,000ದಿಂದ 80,000 ರೂಪಾಯಿಗೆ ಏರಿಸುವ ಮಸೂದೆ ಪಾಸಾಯಿತು. ಅದೂ ಸದನದ ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ. ತೊಗರಿ ಬೆಳೆ ಹಾಳಾದಾಗ ಪರಿಹಾರಕ್ಕಾಗಿ ಕಾಗದ ಹಿಡಿದು ಅಲೆಯುವ ನಮ್ಮ ರೈತರಿಗೆ ಇದು ನೋವು ಕೊಡುತ್ತದೆ, ಅಲ್ವಾ?

ಪ್ರಯಾಣ ಭತ್ಯೆ ಬೇರೆ ಮಾತು. ಇಲ್ಲಿಂದ ಬೆಂಗಳೂರು ಸುಮಾರು 600 ಕಿ.ಮೀ. ದೂರದವರ ಬಿಲ್ಲು ಜಾಸ್ತಿ ಬಂದರೆ ಸುಮ್ನೆ ಬೈಯಬಾರದು. ಆದರೆ ಕ್ಷೇತ್ರ ಪ್ರವಾಸ, ಫೋನ್ ಭತ್ಯೆಗಳು ನಿಜವಾದ ಖರ್ಚು ಎಷ್ಟೇ ಇರಲಿ, ತಿಂಗಳಿಗೆ ಇಷ್ಟು ಅಂತ ನಿಗದಿಯಾಗಿ ಸಿಗುತ್ತವೆ. ನನಗೆ ತಕರಾರು ಇರುವುದು ಇಲ್ಲಿ.

ಬ್ರಿಟನ್‌ನಲ್ಲಿ 2009ರಲ್ಲಿ ಸಂಸದರು ಖರ್ಚಿನ ಹೆಸರಲ್ಲಿ ಕೊಟ್ಟ ಸುಳ್ಳು ಬಿಲ್ಲುಗಳು ಬಯಲಾದಾಗ ಸ್ಪೀಕರ್ ರಾಜೀನಾಮೆ ಕೊಟ್ಟರು, ಕೆಲವರು ಜೈಲಿಗೂ ಹೋದರು. ಆಮೇಲೆ ಲೆಕ್ಕ ನೋಡಲು ಸ್ವತಂತ್ರ ಸಂಸ್ಥೆ ಬಂತು. ನಮಗೂ ಅಂಥದ್ದು ಬೇಕೇ ಬೇಕು.

ಲೆಕ್ಕ ಕೇಳುವುದು ಹೀಗೆ: ವಿಧಾನಸಭೆ ಸಚಿವಾಲಯದ ಮಾಹಿತಿ ಅಧಿಕಾರಿಗೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಅಂಚೆಯಲ್ಲೂ ಕಳಿಸಬಹುದು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ಶಾಸಕರ ಹೆಸರು, ಯಾವ ವರ್ಷದ ಯಾವ ಭತ್ಯೆ ಅಂತ ಸ್ಪಷ್ಟವಾಗಿ ಬರೆಯಿರಿ. 30 ದಿನದೊಳಗೆ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ ಹಾಕಿ. ಅದಕ್ಕೂ ಬಗ್ಗದಿದ್ದರೆ ಮಾಹಿತಿ ಆಯೋಗಕ್ಕೆ ಹೋಗಿ.