ಯಾವ ದಿನದ ಅಲಿ, ಯಾವ ದಿನದ ಟೈಸನ್?

ಉಡುಪಿಯ ಮಿತ್ರರೇ,

ನಿಮ್ಮ ‘ಕಾಲದಾಚೆಯ ಕಾಳಗ’ ಲೇಖನ ತಲುಪಿತು. ಭಾಷೆಗೆ ಓಟವಿದೆ, ಇಸವಿಗಳು ಬಹುಪಾಲು ಸರಿಯಾಗಿವೆ. ಬಾಕ್ಸಿಂಗ್ ಬಗ್ಗೆ ಕನ್ನಡದಲ್ಲಿ ಇಷ್ಟು ಪ್ರೀತಿಯಿಂದ ಬರೆಯುವವರು ಕಡಿಮೆ. ಸಂತೋಷವಾಯಿತು. ಆದರೆ ಓದಿ ಮುಗಿಸಿದ ಮೇಲೆ ಸಿಟ್ಟೂ ಬಂತು, ಮರುದಿನವೂ ಇಳಿಯಲಿಲ್ಲ. ಹಾಗಾಗಿ ‘ಸ್ವೀಕರಿಸಿಲ್ಲ’ ಎಂಬ ಒಂದು ಸಾಲಿನ ಬದಲು ಈ ಪತ್ರ.

ಬೇರೆ ಬೇರೆ ಕಾಲದ ಹೆವಿವೇಯ್ಟ್ ಚಾಂಪಿಯನ್ನರನ್ನು ಎದುರುಬದುರು ನಿಲ್ಲಿಸಿ ನೀವು ಐದು ಕಾಲ್ಪನಿಕ ಪಂದ್ಯ ಆಡಿಸಿದ್ದೀರಿ. ನಾನು ಮಾತಾಡುವುದು ಮುಹಮ್ಮದ್ ಅಲಿ ಮತ್ತು ಮೈಕ್ ಟೈಸನ್ ಪಂದ್ಯದ ಬಗ್ಗೆ, ಆಮೇಲೆ ರಾಕಿ ಮಾರ್ಸಿಯಾನೊ ಬಗ್ಗೆ ನೀವು ಬರೆದ ಒಂದೇ ಒಂದು ವಾಕ್ಯದ ಬಗ್ಗೆ. ಉಳಿದದ್ದರ ಗೊಡವೆಗೆ ಹೋಗುವುದಿಲ್ಲ.

ಅಲಿ–ಟೈಸನ್ ಪಂದ್ಯದ ಮೊದಲ ಸಾಲು: “ಇಬ್ಬರೂ ತಮ್ಮ ಉತ್ತುಂಗದಲ್ಲಿದ್ದಾರೆ ಎಂದು ಭಾವಿಸೋಣ.” ಭಾವಿಸೋಣ, ಆದರೆ ಯಾವ ಉತ್ತುಂಗ? ಎರಡು ಪ್ಯಾರಾ ಆದ ಮೇಲೆ ಬರೆಯುತ್ತೀರಿ: “ಅಲಿ ಚಿಟ್ಟೆಯಂತೆ ರಿಂಗಿನ ಸುತ್ತ ತೇಲುತ್ತಿದ್ದಾನೆ, ಟೈಸನ್‌ಗೆ ಅವನ ನೆರಳೂ ಸಿಗುತ್ತಿಲ್ಲ.” ಇದು 1966ರ ಅಲಿ. ಆ ನವೆಂಬರ್‌ನಲ್ಲಿ ಹ್ಯೂಸ್ಟನ್‌ನಲ್ಲಿ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್‌ನನ್ನು ಮೂರನೇ ಸುತ್ತಿನಲ್ಲಿ ಮುಗಿಸಿದ ಹುಡುಗ. ಆಗ ವಯಸ್ಸು 24. ಐದನೇ ಸುತ್ತಿಗೆ ಬಂದರೆ ನಿಮ್ಮ ಸಾಲು ಹೀಗಿದೆ: “ಅಲಿ ಹಗ್ಗಕ್ಕೆ ಒರಗಿ ಟೈಸನ್‌ನ ಹೊಡೆತಗಳನ್ನೆಲ್ಲ ಮೈಮೇಲೆ ಹಾಕಿಕೊಂಡು ಅವನನ್ನು ದಣಿಸುತ್ತಾನೆ.” ಇದು 1974ರ ಅಕ್ಟೋಬರ್ 30ರ ಅಲಿ. ಆಗಿನ ಜಾಯಿರ್‌ನ (ಈಗಿನ ಕಾಂಗೋ) ಕಿನ್ಶಾಸಾದಲ್ಲಿ ಜಾರ್ಜ್ ಫೋರ್‌ಮನ್ ಎದುರು ನಿಂತವನು, 32 ವರ್ಷದವನು.

ಇವರಿಬ್ಬರ ನಡುವೆ ಎಂಟು ವರ್ಷ ಮಾತ್ರವಲ್ಲ, ಒಂದು ಶಿಕ್ಷೆಯೂ ಇದೆ. ವಿಯೆಟ್ನಾಂ ಯುದ್ಧಕ್ಕೆ ಸೇನೆ ಸೇರುವುದಿಲ್ಲ ಎಂದದ್ದಕ್ಕೆ 1967ರಲ್ಲಿ ಪಟ್ಟ ಕಿತ್ತುಕೊಂಡರು, ಆಡುವ ಪರವಾನಗಿಯೂ ಹೋಯಿತು. 1970ರ ಅಕ್ಟೋಬರ್‌ವರೆಗೆ ಅವನು ರಿಂಗಿಗೆ ಇಳಿಯಲಿಲ್ಲ. ಮರಳಿ ಬಂದಾಗ ಆ ಕಾಲುಗಳು ಇರಲಿಲ್ಲ. ಕಾಲು ಹೋದದ್ದರಿಂದಲೇ ಅವನು ಹಗ್ಗದ ಉಪಾಯ ಕಲಿತದ್ದು, ಹೊಡೆತ ತಿನ್ನುವುದನ್ನು ಕಲಿತದ್ದು. ಚಿಟ್ಟೆಯಾಗಿದ್ದವನಿಗೆ ಹಗ್ಗ ಬೇಕಿರಲಿಲ್ಲ. ಹಗ್ಗ ಬೇಕಾದವನಿಗೆ ತೇಲಲು ಆಗುತ್ತಿರಲಿಲ್ಲ. ನೀವು ಇಬ್ಬರನ್ನೂ ಒಂದೇ ಮೈಯೊಳಗೆ ತುಂಬಿ ಟೈಸನ್ ಮೇಲೆ ಬಿಟ್ಟಿದ್ದೀರಿ. ಅಂಥವನ ಎದುರು ಯಾರೂ ಗೆಲ್ಲಲಾರರು, ಯಾಕೆಂದರೆ ಅಂಥವನೊಬ್ಬ ಯಾವತ್ತೂ ಇರಲಿಲ್ಲ.

ಹಗ್ಗದ ವಿಚಾರ ಬಂತಲ್ಲ, ಇನ್ನೂ ಸ್ವಲ್ಪ ಅಲ್ಲೇ ನಿಲ್ಲುತ್ತೇನೆ. ಕಿನ್ಶಾಸಾದಲ್ಲಿ ಆ ಉಪಾಯ ಫಲಿಸಿದ್ದು ಎದುರಿಗಿದ್ದವನು ಫೋರ್‌ಮನ್ ಆದದ್ದರಿಂದ. ಅದುವರೆಗೆ 40 ಪಂದ್ಯ, 40 ಗೆಲುವು, ಅದರಲ್ಲಿ 37 ನಾಕೌಟ್. ಅವನ ಹೊಡೆತ ಬರುವುದು ದೂರದಿಂದ, ತೋಳು ಅಗಲಕ್ಕೆ ಬೀಸಿ. ಬರುವುದು ಕಣ್ಣಿಗೆ ಕಾಣುತ್ತದೆ, ಮೊಣಕೈಯಲ್ಲಿ ತಡೆಯಬಹುದು, ಹಗ್ಗದ ಸಡಿಲಿಗೆ ಬೆನ್ನು ಕೊಟ್ಟು ತಲೆಯನ್ನು ದೂರ ಇಡಬಹುದು. ಬೀಸಿ ಬೀಸಿ ಎಂಟನೇ ಸುತ್ತಿಗೆ ಅವನ ತೋಳಲ್ಲಿ ಏನೂ ಉಳಿದಿರಲಿಲ್ಲ. ಟೈಸನ್ ಹಾಗೆ ಬೀಸುವವನಲ್ಲ. ಅವನ ಗುರು ಕಸ್ ಡಿ’ಅಮಾಟೊ ಅವನಿಗೆ ಕಲಿಸಿದ್ದು ಎರಡೂ ಮುಷ್ಟಿಯನ್ನು ಕೆನ್ನೆಗೆ ತಾಗಿಸಿಕೊಂಡು, ತಲೆಯನ್ನು ಅತ್ತ ಇತ್ತ ಆಡಿಸುತ್ತ ಒಳಗೆ ನುಗ್ಗುವುದನ್ನು. ಒಳಗೆ ಸೇರಿದ ಮೇಲೆ ಬಲಗೈ ಪಕ್ಕೆಲುಬಿಗೆ, ಅದೇ ಬಲಗೈ ಗದ್ದಕ್ಕೆ. ಹೊಡೆತ ಒಂದು ಗೇಣಿನಷ್ಟು ದೂರದಿಂದ ಬರುತ್ತದೆ. ಅವನೆದುರು ಹಗ್ಗಕ್ಕೆ ಒರಗಿ ನಿಂತರೆ ಅವನಿಗೆ ಬೇಕಾದ ಜಾಗವನ್ನು ನೀವೇ ಬಿಟ್ಟುಕೊಟ್ಟ ಹಾಗೆ. ಈ ಪ್ರಶ್ನೆ ನಿಮಗೆ ಹೊಳೆದೇ ಇಲ್ಲ ಎಂಬುದು ನನಗೆ ಬೇಸರ ತಂದಿತು, ಯಾಕೆಂದರೆ ಈ ಪಂದ್ಯದ ಕುತೂಹಲವೆಲ್ಲ ಇರುವುದು ಅಲ್ಲೇ.

ಮುಂದಿನ ಸಾಲು: “ಟೈಸನ್ ಸಿಡಿಲಿನಂಥ ಹೊಡೆತ ಬಿಟ್ಟ, ಅಲಿ ಮಿಂಚಿನಂತೆ ತಪ್ಪಿಸಿಕೊಂಡ.” ಮಾರಾಯ್ರೇ, ಯಾವ ಕೈ? ಎಲ್ಲಿಗೆ? ಅಲಿ ತಪ್ಪಿಸಿಕೊಂಡದ್ದು ಎಡಕ್ಕೆ ಬಾಗಿಯೋ, ಹಿಂದಕ್ಕೆ ವಾಲಿಯೋ? ಇದು ಸಣ್ಣ ಸಂಗತಿಯಲ್ಲ. ಅಲಿ ಕೈಗಳನ್ನು ಸೊಂಟದ ಹತ್ತಿರ ಇಳಿಬಿಟ್ಟು, ಹೊಡೆತ ಬಂದಾಗ ತಲೆಯನ್ನು ನೇರ ಹಿಂದಕ್ಕೆ ಎಳೆಯುತ್ತಿದ್ದ. ಹಾಗೆ ಮಾಡಬಾರದೆಂದು ಯಾವ ಗರಡಿಯಲ್ಲಾದರೂ ಮೊದಲ ವಾರವೇ ಹೇಳುತ್ತಾರೆ. ಅವನ ಕಣ್ಣು, ಕಾಲು ಅಷ್ಟು ಚುರುಕಾಗಿದ್ದುದರಿಂದ ನಡೆಯಿತು. ನಡೆಯದೇ ಹೋದದ್ದು ಎಡಗೈಯ ಹುಕ್ ಎದುರು, ಮೊಣಕೈ ಮಡಿಸಿ ಪಕ್ಕದಿಂದ ಬರುವ ಹೊಡೆತದ ಎದುರು. 1963ರಲ್ಲಿ ಲಂಡನ್‌ನಲ್ಲಿ ಹೆನ್ರಿ ಕೂಪರ್ ಅವನನ್ನು ಕೆಡವಿದ್ದು ಎಡಗೈಯ ಹುಕ್‌ನಿಂದ. 1971ರ ಮಾರ್ಚ್ 8ರಂದು ನ್ಯೂಯಾರ್ಕ್‌ನಲ್ಲಿ, 15ನೇ ಸುತ್ತಿನಲ್ಲಿ, ಜೋ ಫ್ರೇಜಿಯರ್ ಕೆಡವಿದ್ದೂ ಅದರಿಂದಲೇ. ಟೈಸನ್‌ನ ಬತ್ತಳಿಕೆಯಲ್ಲಿ ಎಡಗೈಯ ಹುಕ್ ಯಾವ ಮಟ್ಟದ್ದು ಎಂದು ನಿಮಗೆ ಗೊತ್ತಿದೆ, ಲೇಖನದ ಬೇರೆ ಕಡೆ ನೀವೇ ಬರೆದಿದ್ದೀರಿ. ಆದರೂ ಪಂದ್ಯದೊಳಗೆ ಆ ಹುಕ್ ಒಮ್ಮೆಯೂ ಬರುವುದಿಲ್ಲ. ಸಿಡಿಲು ಬಂದು ಅದರ ಜಾಗ ಹಿಡಿದುಬಿಟ್ಟಿದೆ.

ನಾನು ಮಂಗಳೂರಿನಲ್ಲಿ ಒಂದು ಪತ್ರಿಕೆಯ ಕ್ರೀಡಾ ಪುಟದಲ್ಲಿ ಕೆಲಸ ಕಲಿಯುತ್ತಿದ್ದಾಗ ಒಬ್ಬರು ಹಿರಿಯ ಉಪಸಂಪಾದಕರಿದ್ದರು. ಸಂಜೆ ನೆಹರೂ ಮೈದಾನದಲ್ಲಿ ಫುಟ್‌ಬಾಲ್ ನೋಡಿ, ಹಂಪನಕಟ್ಟೆಯಲ್ಲಿ ಚಾ ಕುಡಿದು, ಕಚೇರಿಗೆ ಬಂದು ವರದಿ ಬರೆಯುವ ಕ್ರಮ. ಅವರು ಬರೆದದ್ದನ್ನು ಕೈಗೆ ತೆಗೆದುಕೊಳ್ಳುತ್ತಲೇ ಇರಲಿಲ್ಲ. ಮೊದಲು ಬಾಯಲ್ಲಿ ಕೇಳುವರು: “ಗೋಲು ಎಂಚ ಆಂಡ್?” ಹೇಗಾಯಿತು, ತುಳುವಿನಲ್ಲಿ ಹೇಳು. ಚೆಂಡು ಎಲ್ಲಿಂದ ಬಂತು, ಯಾರ ಕಾಲಿಗೆ, ಎಡವೋ ಬಲವೋ, ಗೋಲ್‌ಕೀಪರ್ ಎಲ್ಲಿ ನಿಂತಿದ್ದ, ಯಾಕೆ ಅಲ್ಲಿ ನಿಂತಿದ್ದ. ಇಷ್ಟೂ ಬಾಯಲ್ಲಿ ಬಂದರೆ “ಹಾಗೇ ಬರಿ” ಎನ್ನುವರು. ಬಾರದಿದ್ದರೆ ಆ ಗೋಲು ನಮ್ಮ ಪುಟದಲ್ಲಿ ಅರ್ಧ ಸಾಲು, ಅಷ್ಟೇ. ‘ಅಮೋಘ’, ‘ಮನಮೋಹಕ’ ಎಂಬ ಪದಗಳಿಗೆ ಅವರ ಪುಟದಲ್ಲಿ ಪ್ರವೇಶವಿರಲಿಲ್ಲ.

1990ರ ಫೆಬ್ರವರಿ 11, ಭಾನುವಾರ. ಟೋಕಿಯೋದಲ್ಲಿ ಟೈಸನ್ ಸೋತ ಸುದ್ದಿ ಟೆಲಿಪ್ರಿಂಟರ್‌ನಲ್ಲಿ ಬಂತು. ಬಸ್ಟರ್ ಡಗ್ಲಸ್ ಎಂಬ ಹೆಸರು ಕಚೇರಿಯಲ್ಲಿ ಯಾರ ಬಾಯಲ್ಲೂ ಅದುವರೆಗೆ ಬಂದಿರಲಿಲ್ಲ. 37 ಪಂದ್ಯ ಗೆದ್ದವನು ಹತ್ತನೇ ಸುತ್ತಿನಲ್ಲಿ ನೆಲದ ಮೇಲೆ ತಡಕಾಡುತ್ತ ಬಾಯಿಂದ ಬಿದ್ದ ಹಲ್ಲುಕವಚ ಹುಡುಕುತ್ತಿದ್ದ. ಎಲ್ಲರೂ ‘ಆಘಾತ’ ಎನ್ನುತ್ತಿದ್ದರೆ ಅವರು ಕೇಳಿದ್ದು ಒಂದೇ: “ಹತ್ತನೆಯದು ಇರಲಿ, ಮೊದಲ ಒಂಬತ್ತು ಸುತ್ತಿನಲ್ಲಿ ಡಗ್ಲಸ್‌ನ ಎಡಗೈ ಏನು ಮಾಡುತ್ತಿತ್ತು?” ಜ್ಯಾಬ್ ಹೊಡೆಯುತ್ತಿತ್ತು, ಮುಂದಿನ ಕೈ ಚಾಚಿ ಗುದ್ದುವ ಚುರುಕು ಹೊಡೆತ. ಉದ್ದ ತೋಳಿನ, ನೇರ ಜ್ಯಾಬ್, ಪಂದ್ಯ ಶುರುವಾದಾಗಿನಿಂದ. ಟೈಸನ್ ಒಳಗೆ ಬರುವ ದಾರಿಯನ್ನು ಅದು ಮುಚ್ಚಿಟ್ಟಿತ್ತು. ಬಿದ್ದದ್ದು ಹತ್ತರಲ್ಲಿ, ಸೋತದ್ದು ಅದಕ್ಕೆ ಬಹಳ ಮೊದಲು.

ಈಗ ನೋಡಿ, ಇದು ನಿಮ್ಮ ಪಂದ್ಯಕ್ಕೆ ಎಷ್ಟು ಹತ್ತಿರದ ಸಂಗತಿ! ಅಲಿಯ ಎತ್ತರ ಆರು ಅಡಿ ಮೂರು ಇಂಚು, ಎರಡೂ ತೋಳು ಅಗಲಿಸಿದರೆ ತುದಿಯಿಂದ ತುದಿಗೆ ಚಾಚು 78 ಇಂಚು. ಟೈಸನ್ ಐದು ಅಡಿ ಹತ್ತು ಇಂಚು, ಚಾಚು 71. ಆ ಅಂತರದ ಒಳಗೆ ಕಾಲಿಡುವುದೇ ಟೈಸನ್‌ನ ಇಡೀ ಕೆಲಸ, ಇಡಗೊಡದಿರುವುದು ಅಲಿಯ ಕೆಲಸ. ಆದರೆ ಟೋಕಿಯೋದ ಟೈಸನ್‌ನನ್ನು ಸಾಕ್ಷಿಗೆ ಕರೆಯುವ ಮೊದಲು ಅವನಿಗೂ ತಾರೀಕು ಹಾಕಬೇಕು. 1988ರ ಜೂನ್‌ನಲ್ಲಿ ಮೈಕೆಲ್ ಸ್ಪಿಂಕ್ಸ್‌ನನ್ನು 91 ಸೆಕೆಂಡಿನಲ್ಲಿ ಕೆಡವಿದವನ ಮೂಲೆಯಲ್ಲಿ ತರಬೇತುದಾರ ಕೆವಿನ್ ರೂನಿ ಇದ್ದ, ಡಿ’ಅಮಾಟೊ ಕಲಿಸಿದ್ದನ್ನು ಕಾಪಾಡಿಕೊಂಡು ಬಂದವನು. ಆಮೇಲೆ ರೂನಿಯನ್ನು ಬಿಟ್ಟರು. ಟೋಕಿಯೋಗೆ ಬರುವಷ್ಟರಲ್ಲಿ ತಲೆ ಆಡುವುದು ನಿಂತಿತ್ತು, ಒಂದೊಂದೇ ಹೊಡೆತಕ್ಕೆ ಕಾಯುವ ಅಭ್ಯಾಸ ಬಂದಿತ್ತು. ಹಾಗಾಗಿ ನಿಮಗೆ ಬೇಕಾದವನು 1988ರವನು.

ಇನ್ನೊಂದು ಕೊರತೆ ಇದರ ಜತೆಗೇ ಬರುತ್ತದೆ. ನಿಮ್ಮ ರಿಂಗಿನಲ್ಲಿ ರೆಫರಿಯೇ ಇಲ್ಲ. ಎಷ್ಟು ಸುತ್ತಿನ ಪಂದ್ಯ ಎಂದೂ ಹೇಳಿಲ್ಲ. ಅಲಿ ಎದುರಾಳಿಯ ಕುತ್ತಿಗೆಯ ಹಿಂದೆ ಕೈ ಹಾಕಿ ತಲೆಯನ್ನು ಕೆಳಕ್ಕೆ ಒತ್ತಿ ಹಿಡಿಯುತ್ತಿದ್ದ. ಅದಕ್ಕೆ ಅವಕಾಶ ಕೊಡುವ ರೆಫರಿಯೋ, ಬಿಡಿಸುವವನೋ? 1987ರಲ್ಲಿ ಜೇಮ್ಸ್ ಸ್ಮಿತ್ ಹೆಚ್ಚುಕಡಿಮೆ ಹಿಡಿದುಕೊಂಡೇ 12 ಸುತ್ತು ಕಳೆದ, ಸೋತರೂ ಟೈಸನ್ ಕೈಗೆ ಬೀಳಲಿಲ್ಲ. ಅಪ್ಪಿ ಹಿಡಿದರೆ ಟೈಸನ್‌ಗೆ ದಾರಿ ತೋಚುತ್ತಿರಲಿಲ್ಲ ಎಂಬುದಕ್ಕೆ ಅದು ಒಳ್ಳೆಯ ಸಾಕ್ಷಿ. ಸುತ್ತುಗಳ ಲೆಕ್ಕವೂ ಅಷ್ಟೇ ಮುಖ್ಯ. ಅಲಿಯ ಕಾಲದಲ್ಲಿ ಪಟ್ಟದ ಪಂದ್ಯಕ್ಕೆ 15 ಸುತ್ತು. 1982ರಲ್ಲಿ ಕೊರಿಯಾದ ಕಿಮ್ ಡುಕ್-ಕೂ ರಿಂಗಿನಲ್ಲಿ ತಿಂದ ಪೆಟ್ಟಿಗೆ ಸತ್ತ ಮೇಲೆ ಅದನ್ನು 12ಕ್ಕೆ ಇಳಿಸತೊಡಗಿದರು. ಟೈಸನ್ ಜೀವಮಾನದಲ್ಲಿ 13ನೇ ಸುತ್ತು ಆಡಿದವನಲ್ಲ. ಅಲಿ 1975ರಲ್ಲಿ ಮನಿಲಾದ ಆ ಸೆಕೆಯಲ್ಲಿ ಫ್ರೇಜಿಯರ್ ಎದುರು 14 ಸುತ್ತು ಮುಗಿಸಿ ನಿಂತವನು. ನೀವು ಟೈಸನ್‌ನನ್ನು ಕೆಡವಿದ್ದು ಒಂಬತ್ತನೇ ಸುತ್ತಿನಲ್ಲಿ, ಯಾಕೆ ಒಂಬತ್ತು ಎಂಬುದಕ್ಕೆ ಕಾರಣವೇ ಇಲ್ಲ. ಅವನನ್ನು ಹದಿಮೂರಕ್ಕೆ ಎಳೆದೊಯ್ದಿದ್ದರೆ ಓದುಗ ಅವನು ಕಾಣದ ಜಾಗಕ್ಕೆ ಅವನ ಜತೆಯೇ ಹೋಗುತ್ತಿದ್ದ.

ಇನ್ನು ಮಾರ್ಸಿಯಾನೊ. ನಿಮ್ಮ ವಾಕ್ಯ: “ಮಾರ್ಸಿಯಾನೊ ಅಲಿಯನ್ನು ಸೋಲಿಸುತ್ತಾನೆಂದು ಕಂಪ್ಯೂಟರ್ ಆಗಲೇ ಸಾಬೀತುಪಡಿಸಿದೆ.” ಈ ಸಾಲು ನನ್ನನ್ನು ನಿಜವಾಗಿ ಕೆರಳಿಸಿತು. 1969ರಲ್ಲಿ ಮಯಾಮಿಯ ಮರ್ರಿ ವೊರೊನರ್ ಎಂಬ ರೇಡಿಯೋ ನಿರ್ಮಾಪಕ ಕಂಪ್ಯೂಟರ್ ತೀರ್ಮಾನಿಸಿದ ಪಂದ್ಯವೆಂದು ಸಿನಿಮಾ ತೆಗೆಯಲು ಇಬ್ಬರನ್ನೂ ಕರೆಸಿ ಕ್ಯಾಮೆರಾ ಮುಂದೆ ನಿಲ್ಲಿಸಿದ. ಮಾರ್ಸಿಯಾನೊಗೆ 45 ವರ್ಷ, ನಿವೃತ್ತನಾಗಿ 13 ವರ್ಷ. ತೂಕ ಇಳಿಸಿಕೊಂಡು, ಬೋಳು ಕಾಣದಂತೆ ವಿಗ್ ಹಾಕಿಕೊಂಡು ಬಂದ. ಅಲಿ ಪರವಾನಗಿ ಇಲ್ಲದೆ, ದುಡ್ಡಿಲ್ಲದೆ ಕೂತಿದ್ದವನು. ಅದಕ್ಕೂ ಮೊದಲು ಇದೇ ವೊರೊನರ್‌ನ ರೇಡಿಯೋ ಟೂರ್ನಿಯಲ್ಲಿ ಕಂಪ್ಯೂಟರ್ ಅವನನ್ನು ಹಳೆಯ ಕಾಲದ ಚಾಂಪಿಯನ್ ಜಿಮ್ ಜೆಫ್ರೀಸ್ ಕೈಯಲ್ಲಿ ಸೋಲಿಸಿತ್ತು, ಅವಮಾನವಾಯಿತೆಂದು ಅಲಿ ಕೋರ್ಟಿಗೂ ಹೋಗಿದ್ದ. ಚಿತ್ರೀಕರಣದಲ್ಲಿ ಹಲವು ಬಗೆಯ ಕೊನೆಗಳನ್ನು ತೆಗೆದಿಟ್ಟುಕೊಂಡರು. ಅದಾದ ಕೆಲವೇ ವಾರಗಳಲ್ಲಿ, ಆಗಸ್ಟ್ 31ರಂದು, ಮಾರ್ಸಿಯಾನೊ ವಿಮಾನ ಅಪಘಾತದಲ್ಲಿ ತೀರಿಕೊಂಡ. 1970ರ ಜನವರಿಯಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ ಜನ ಕಂಡದ್ದು 13ನೇ ಸುತ್ತಿನಲ್ಲಿ ಅಲಿ ಬೀಳುವುದನ್ನು. ಯುರೋಪಿನಲ್ಲಿ ತೋರಿಸಿದ ಆವೃತ್ತಿಯಲ್ಲಿ ಗೆದ್ದವನು ಅಲಿ. ಕಂಪ್ಯೂಟರ್ ಏನು ಸಾಬೀತುಪಡಿಸಿತು, ಹೇಳಿ? ಸೇನೆಗೆ ಸೇರದ ಕಪ್ಪು ಮನುಷ್ಯನೊಬ್ಬ ಬೀಳುವುದನ್ನು ನೋಡಲು ಆ ದೇಶದಲ್ಲಿ ಆ ವರ್ಷ ಎಷ್ಟು ಮಂದಿ ಕಾಯುತ್ತಿದ್ದರು ಎಂಬುದನ್ನು ನೀವು ಬರೆದಿದ್ದರೆ ಅದೇ ಒಂದು ಲೇಖನವಾಗುತ್ತಿತ್ತು.

ಲೆಕ್ಕ ಹೀಗೆ ಮೋಸ ಮಾಡುವುದನ್ನು ನಾವು ಕರಾವಳಿಯವರು ಕಣ್ಣಾರೆ ಕಂಡಿದ್ದೇವೆ. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು, ಅಂದರೆ ಓಟದ ಕೆಸರು ಹಾದಿಯನ್ನು, ಕೋಣಗಳ ಜತೆ 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಕೂತು ಭಾಗಿಸಿ ನೂರು ಮೀಟರಿಗೆ 9.55 ಎಂದರು, ಉಸೇನ್ ಬೋಲ್ಟ್‌ನ 9.58 ಮುರಿಯಿತೆಂದು ದೇಶವೆಲ್ಲ ಕೂಗಿತು. ಭಾಗಾಕಾರದಲ್ಲಿ ಕೋಣಗಳೂ ಇರಲಿಲ್ಲ, ಕೆಸರೂ ಇರಲಿಲ್ಲ. ಬೋಲ್ಟ್ ಜತೆ ತನ್ನನ್ನು ಹೋಲಿಸಬೇಡಿ, ತಾನು ಓಡುವುದು ಕೆಸರುಗದ್ದೆಯಲ್ಲಿ ಎಂದು ಗೌಡರೇ ಹೇಳಿದರು. ಅವರಿಗೆ ತಮ್ಮ ಓಟ ಏನೆಂದು ಗೊತ್ತಿತ್ತು. ಮಾರ್ಸಿಯಾನೊನ 49ಕ್ಕೆ 49 ಗೆಲುವೂ ಅವನ ಕಾಲದ ಕರೆಯಲ್ಲಿ, ಅವನ ಕಾಲದ ಎದುರಾಳಿಗಳ ಜತೆ ಓಡಿದ್ದು. ಅವನ ತೂಕ 185 ಪೌಂಡ್ ಆಸುಪಾಸು, ಇಂದಾದರೆ 200 ಪೌಂಡ್‌ ಒಳಗಿನ ಕ್ರೂಸರ್‌ವೇಯ್ಟ್ ವಿಭಾಗದಲ್ಲಿ ಆಡಬೇಕಿತ್ತು. ಅಲಿಯ ಎದುರು ತರುವುದಾದರೆ ಆ ತೂಕ, ಆ ಗಿಡ್ಡ ತೋಳು, ಹೊಡೆಸಿಕೊಳ್ಳುತ್ತಲೇ ಮುಂದೆ ಬರುವ ಆ ಹಟ, ಇಷ್ಟನ್ನೂ ಹೊತ್ತುಕೊಂಡೇ ಅವನು ಬರಲಿ.

ಐದು ಪಂದ್ಯ ಬೇಡ. ಅಲಿ–ಟೈಸನ್ ಒಂದನ್ನೇ ಮತ್ತೆ ಬರೆಯಿರಿ. ಮೊದಲ ಸಾಲಿನಲ್ಲೇ ತಾರೀಕು ಬರಲಿ, ಹ್ಯೂಸ್ಟನ್‌ನ ಅಲಿಯೋ ಕಿನ್ಶಾಸಾದ ಅಲಿಯೋ ಹೇಳಿ. ಸುತ್ತು ಎಷ್ಟು, ರೆಫರಿ ಎಂಥವನು ಎಂಬುದೂ ತಿಳಿಯಲಿ. ನನ್ನನ್ನು ಕೇಳಿದರೆ ಹ್ಯೂಸ್ಟನ್‌ನ ಅಲಿ 15 ಸುತ್ತಿನಲ್ಲಿ ಗೆಲ್ಲುತ್ತಾನೆ, ಆದರೆ ನಾಲ್ಕನೇ ಸುತ್ತಿನೊಳಗೆ ಒಮ್ಮೆಯಾದರೂ ಆ ಎಡಗೈಯ ಹುಕ್‌ಗೆ ಬೀಳುತ್ತಾನೆ. ಕಿನ್ಶಾಸಾದವನಾದರೆ ನನಗೆ ಭಯವಿದೆ. ನೀವು ಅವನನ್ನೇ ಆರಿಸಿದರೆ ನಾನು ಹೆಚ್ಚು ಆಸೆಯಿಂದ ಓದುತ್ತೇನೆ. ಮೊದಲ ನಾಲ್ಕು ಸುತ್ತು ಮಾತ್ರ ಬರೆದು ಕಳುಹಿಸಿ, ಪ್ರತಿ ಹೊಡೆತಕ್ಕೂ ಕೈ ಯಾವುದೆಂದು ಗುರುತಿಸಿ. ಐದನೆಯದನ್ನು ಅದು ನೋಡಿದ ಮೇಲೆ ಮಾತಾಡೋಣ.